ಒತ್ತಿದ ಹಲಗೆ, ಕಕ್ಕಡದ ಮಳೆ



ಶ್ರೀಮಂಗಲದ ಮಳೆಗಾಲ ಹೇಗಿರುತ್ತದೆ ಎಂದು ದಕ್ಷಿಣ ಕೊಡಗಿನವರಿಗೆ ಯಾರೂ ವಿವರಿಸಬೇಕಾಗಿಲ್ಲ. ಜೂನ್ ತಿಂಗಳಲ್ಲಿ ಬ್ರಹ್ಮಗಿರಿ ಮೋಡದೊಳಗೆ ಸೇರಿಕೊಂಡರೆ ಹೊರಬರಲು ತಿಂಗಳುಗಳೇ ಬೇಕು. ಇರ್ಪುವಿನಿಂದ ಇಳಿಯುವ ಲಕ್ಷ್ಮಣತೀರ್ಥ ಗದ್ದೆಬಯಲಿನ ತನಕ ಬರುತ್ತದೆ. ಮಳೆ ಜೋರಾಗಿರುವ ಕಕ್ಕಡ ತಿಂಗಳಲ್ಲಿ ಹಾಸಿಗೆಯೂ ತಣ್ಣಗೆ, ಉಪ್ಪಿನ ಡಬ್ಬದೊಳಗೂ ನೀರು. ಹಳೆಯ ಮನೆಯ ಬಾಗಿಲುಗಳು ಈ ಕಾಲದಲ್ಲಿ ಚೌಕಟ್ಟನ್ನು ಕಚ್ಚಿ ಹಿಡಿಯುತ್ತವೆ. ಭುಜ ಕೊಟ್ಟು ನೂಕಬೇಕಾಗುತ್ತದೆ. ಹಾಗೆಂದು ಯಾರೂ ಆಚಾರಿಯನ್ನು ಕರೆದು ಬಾಗಿಲನ್ನು ಕೀಸಿಸುವುದಿಲ್ಲ. ಜನವರಿ, ಫೆಬ್ರವರಿಯ ಬಿಸಿಲು ಬಂದಾಗ ಅದು ತಾನಾಗಿ ಸಡಿಲವಾಗುತ್ತದೆ ಎಂಬುದು ಮನೆಯ ಮಕ್ಕಳಿಗೂ ಗೊತ್ತು.

ಈಗ ಅದೇ ಮನೆಯ ಅಡುಗೆಕೋಣೆಗೆ ಬನ್ನಿ. ಈಚಿನ ವರ್ಷಗಳಲ್ಲಿ ಮಾಡಿಸಿದ ಕಪಾಟುಗಳಿವೆ. ಮೇಲೆ ನುಣುಪಾದ ಹಾಳೆ, ಒಳಗೆ ಪಾರ್ಟಿಕಲ್ ಬೋರ್ಡ್. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಸಿಂಕಿನ ಕೆಳಗಿನ ಹಲಗೆಯ ಅಂಚು ಊದಿಕೊಂಡಿರುತ್ತದೆ. ಕಪಾಟಿನ ಬಾಗಿಲಿನ ಕೆಳತುದಿ ದಪ್ಪವಾಗಿ, ಮೇಲಿನ ಹಾಳೆ ಬಿರಿದಿರುತ್ತದೆ. ಬೇಸಿಗೆ ಬಂದರೂ ಆ ಊತ ಇಳಿಯುವುದಿಲ್ಲ. ಹಲಗೆ ಪೂರ್ತಿ ಒಣಗಿ ಗಟ್ಟಿಯಾದರೂ ದಪ್ಪ ಮಾತ್ರ ಹಾಗೆಯೇ ನಿಂತುಬಿಡುತ್ತದೆ.

ಬಾಗಿಲೂ ಮರ, ಕಪಾಟೂ ಮರ. ಎರಡೂ ಅದೇ ಮಳೆಯ ಗಾಳಿಯನ್ನು ಕುಡಿದವು. ಒಂದು ಮೊದಲಿನ ಅಳತೆಗೆ ಹಿಂತಿರುಗಿತು, ಇನ್ನೊಂದು ತಿರುಗಲಿಲ್ಲ. ಯಾಕೆ ಹೀಗಾಗುತ್ತದೆ ಎಂಬುದೇ ಇವತ್ತಿನ ಮಾತು. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬಾಗಿಲಿನ ಮರವನ್ನು ಯಾರೂ ಒತ್ತಿರಲಿಲ್ಲ. ಕಪಾಟಿನ ಹಲಗೆ ಕಾರ್ಖಾನೆಯಲ್ಲಿ ನೂರಾರು ಟನ್ ಭಾರದಡಿ ಹಿಸುಕಿಸಿಕೊಂಡು ಬಂದದ್ದು. ಹಿಸುಕಿದ್ದನ್ನು ಬಿಟ್ಟಾಗ ಅದು ಹಿಂದಕ್ಕೆ ಬರಲು ನೋಡುತ್ತದೆ. ಕಾರ್ಖಾನೆಯಲ್ಲಿ ಬಿಟ್ಟ ಗಳಿಗೆಯಲ್ಲೇ ಅದು ಪೂರ್ತಿ ಹಿಂದಕ್ಕೆ ಬರಲಿಲ್ಲ. ಅಂಟು ಮತ್ತು ಒಣಗುವಿಕೆ ಅದನ್ನು ಹಿಡಿದಿಟ್ಟಿದ್ದವು. ಕಕ್ಕಡದ ಮಳೆ ಆ ಹಿಡಿತವನ್ನು ಸಡಿಲಿಸಿತು. ಹಾಗಾಗಿ ಅಡುಗೆಕೋಣೆಯಲ್ಲಿ ಊದಿದ್ದು, ಬಹುಪಾಲು, ಎಂದೋ ಕಾರ್ಖಾನೆಯಲ್ಲಿ ಮುಗಿಯದೆ ಉಳಿದ ಚಲನೆ.

ವಿಜ್ಞಾನದ ಪುಸ್ತಕಗಳಲ್ಲಿ ಇದಕ್ಕೆ ಸ್ಥಿತಿಸ್ಥಾಪಕತೆ ಎಂಬ ಹೆಸರಿದೆ. ಕಾರ್ಖಾನೆಯವರು ಸ್ಪ್ರಿಂಗ್‌ಬ್ಯಾಕ್ ಎನ್ನುತ್ತಾರೆ. ಯಾವ ವಸ್ತುವನ್ನು ಒತ್ತಿದರೂ ಅದರ ಕುಗ್ಗುವಿಕೆಯ ಒಂದು ಪಾಲು ಕೈ ತೆಗೆದ ತಕ್ಷಣ ಹಿಂದಕ್ಕೆ ಬರುತ್ತದೆ, ಒಂದು ಪಾಲು ನಿಧಾನವಾಗಿ ಬರುತ್ತದೆ, ಒಂದು ಪಾಲು ಬರುವುದೇ ಇಲ್ಲ. ಉಕ್ಕಿನಲ್ಲಿ ಮೊದಲನೆಯ ಪಾಲೂ ಕೊನೆಯ ಪಾಲೂ ಎದ್ದು ಕಾಣುತ್ತವೆ. ಮರದಲ್ಲಿ ಮಾತ್ರ ನಡುವಿನ ಪಾಲು ಬಲು ದೊಡ್ಡದು. ಅದಕ್ಕೆ ಕಾಲಾವಧಿಯ ಲೆಕ್ಕವೂ ಇಲ್ಲ. ನೀರು ಸಿಗುವವರೆಗೆ ಹತ್ತು ವರ್ಷವಾದರೂ ಸುಮ್ಮನೆ ಕಾಯುತ್ತದೆ.

ಇದು ಅರ್ಥವಾಗಬೇಕಾದರೆ ಮರದ ಒಳಗನ್ನು ಸ್ವಲ್ಪ ನೋಡಬೇಕು. ನಮ್ಮ ತೋಟಗಳಲ್ಲಿ ಕರಿಮೆಣಸಿನ ಬಳ್ಳಿ ಹೊತ್ತು ನಿಂತಿರುವ ಸಿಲ್ವರ್ ಓಕ್ ಮರವನ್ನೇ ತೆಗೆದುಕೊಳ್ಳೋಣ. ಆಸ್ಟ್ರೇಲಿಯದ ಪೂರ್ವ ಕರಾವಳಿಯ ಈ ಮರ ಕಾಫಿ, ಚಹಾ ತೋಟಗಳ ನೆರಳಿಗೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಗೆ ಬಂತು. ಒಣಗಿದ ಸಿಲ್ವರ್ ಓಕ್ ಒಂದು ಘನ ಮೀಟರಿಗೆ ಸುಮಾರು 600 ಕಿಲೋ ತೂಗುತ್ತದೆ. ಆದರೆ ಮರದ ಜೀವಕೋಶದ ಗೋಡೆಯನ್ನಷ್ಟೇ ತೂಗಿದರೆ, ಅದು ಯಾವ ಮರದ್ದೇ ಆಗಿರಲಿ, ಘನ ಮೀಟರಿಗೆ ಸುಮಾರು 1,500 ಕಿಲೋ. ಲೆಕ್ಕ ಹಾಕಿ ನೋಡಿ: ನಮ್ಮ ಕಣ್ಣಿಗೆ ಗಟ್ಟಿಯಾಗಿ ಕಾಣುವ ದಿಮ್ಮಿಯ ಅರ್ಧಕ್ಕಿಂತ ಹೆಚ್ಚು ಭಾಗ ಬರಿಯ ಟೊಳ್ಳು. ಉದ್ದುದ್ದ ಸಣ್ಣ ಕೊಳವೆಗಳನ್ನು ಒತ್ತೊತ್ತಾಗಿ ಜೋಡಿಸಿ ನಿಲ್ಲಿಸಿದ ಕಟ್ಟಡ ಅದು. ಅಡ್ಡಲಾಗಿ ಒತ್ತಿದರೆ ಕೊಳವೆಗಳು ಚಪ್ಪಟೆಯಾಗುತ್ತವೆ.

ಕೊಳವೆಯ ಗೋಡೆಯಲ್ಲಿ ಮುಖ್ಯವಾಗಿ ಮೂರು ಪದಾರ್ಥಗಳಿವೆ. ಎಳೆ ಎಳೆಯಾಗಿ ಸುತ್ತಿಕೊಂಡಿರುವ ಸೆಲ್ಯುಲೋಸ್, ಅದರ ಸುತ್ತ ಹೆಮಿಸೆಲ್ಯುಲೋಸ್, ಇವನ್ನೆಲ್ಲ ಬಿಗಿಹಿಡಿಯುವ ಲಿಗ್ನಿನ್. ಸೆಲ್ಯುಲೋಸ್ ಎಳೆ ಬಾಗುತ್ತದೆ, ಆದರೆ ನೆಟ್ಟಗಾಗುವ ಹಟ ಬಿಡುವುದಿಲ್ಲ. ಲಿಗ್ನಿನ್‌ನ ಸ್ವಭಾವವೇ ಬೇರೆ. ಒಣಗಿದ್ದರೆ 150 ಡಿಗ್ರಿ ದಾಟುವ ತನಕ ಅದು ಕಲ್ಲಿನಂತೆ ಇರುತ್ತದೆ. ನೀರು ಹೀರಿಕೊಂಡಿದ್ದರೆ 100 ಡಿಗ್ರಿಗಿಂತ ಕೆಳಗೇ ಮೆತ್ತಗಾಗುತ್ತದೆ. ಬಿಸಿ ಮತ್ತು ತೇವ ಎರಡೂ ಇರುವಾಗ ಮರವನ್ನು ಒತ್ತಿ, ಒತ್ತಿದ ಹಾಗೆಯೇ ಆರಿಸಿದರೆ, ಮೆತ್ತಗಾಗಿದ್ದ ಲಿಗ್ನಿನ್ ಹೊಸ ಆಕಾರದಲ್ಲೇ ಗಟ್ಟಿಯಾಗುತ್ತದೆ. ಒಳಗೆ ಬಾಗಿದ ಸೆಲ್ಯುಲೋಸ್ ಎಳೆಗಳು ಹಾಗೆಯೇ ಸಿಕ್ಕಿಕೊಳ್ಳುತ್ತವೆ. ಹತ್ತಿಬಟ್ಟೆಯ ಇಸ್ತ್ರಿಯೂ ಇದೇ. ನೀರು ಚಿಮುಕಿಸಿ, ಬಿಸಿ ಪೆಟ್ಟಿಗೆ ಒತ್ತಿ ಕೂರಿಸಿದ ಮಡಿಕೆ ಒಣಗಿರುವಷ್ಟು ಹೊತ್ತು ನಿಲ್ಲುತ್ತದೆ. ಮಳೆಯಲ್ಲಿ ನೆನೆದ ಕೂಡಲೇ ಹೋಗುತ್ತದೆ. ಹತ್ತಿಯಲ್ಲಿರುವುದೂ ಸೆಲ್ಯುಲೋಸೇ.

ಇನ್ನು ನಮ್ಮ ತೋಟದಿಂದ ಲಾರಿ ಹತ್ತಿದ ದಿಮ್ಮಿಯ ಹಿಂದೆ ಹೋಗೋಣ. ಸಿಲ್ವರ್ ಓಕ್ ಬಹುಮಟ್ಟಿಗೆ ಹೋಗುವುದು ಪ್ಲೈವುಡ್ ಕಾರ್ಖಾನೆಗಳಿಗೆ. ಅಲ್ಲಿ ದಿಮ್ಮಿಯನ್ನು ಲೇತ್‌ಗೆ ಸಿಕ್ಕಿಸಿ ತಿರುಗಿಸುತ್ತಾರೆ. ಉದ್ದನೆಯ ಕತ್ತಿಯೊಂದು ಅದರ ಮೈಯನ್ನು ಸುತ್ತಸುತ್ತಲೂ ಸುಲಿಯುತ್ತ ಹೋಗುತ್ತದೆ. ಹಾಳೆಯಂತೆ ಬಿಚ್ಚಿಕೊಂಡು ಬರುವುದೇ ವೆನೀರ್. ನೋಡುವವರಿಗೆ ಕಾಣುವುದು ಕತ್ತಿ ಮಾತ್ರ. ಕತ್ತಿಯ ಮೂತಿಯ ಎದುರಿಗೇ ಇನ್ನೊಂದು ಉಕ್ಕಿನ ಪಟ್ಟಿ ಇರುತ್ತದೆ. ಕತ್ತಿ ತಾಗುವುದಕ್ಕೆ ಕೂದಲೆಳೆಯಷ್ಟು ಮುಂಚೆ ಅದು ಮರವನ್ನು ಅದುಮಿ ಹಿಡಿಯುತ್ತದೆ. ಪಟ್ಟಿಗೂ ಕತ್ತಿಗೂ ನಡುವಿನ ಸಂದನ್ನು ಬೇಕಾದ ವೆನೀರಿನ ದಪ್ಪಕ್ಕಿಂತ ನೂರಕ್ಕೆ ಹತ್ತು, ಇಪ್ಪತ್ತರಷ್ಟು ಕಡಿಮೆ ಇಡುತ್ತಾರೆ. ಹಾಗೆ ಅದುಮದಿದ್ದರೆ ಮರ ಕತ್ತಿಗಿಂತ ಮುಂದೆ ಸೀಳಿಕೊಂಡು ಹೋಗಿ, ಹಾಳೆಯ ತುಂಬ ಬಿರುಕು. ಅದುಮಿದ್ದು ಅತಿಯಾದರೆ ನಾರು ನಜ್ಜುಗುಜ್ಜು. ಸರಿಯಾಗಿ ಅದುಮಿದರೆ, ಸಂದಿನಿಂದ ಹೊರಬಂದ ಹಾಳೆ ಮತ್ತೆ ಉಬ್ಬಿ ತನ್ನ ದಪ್ಪಕ್ಕೆ ಬರುತ್ತದೆ. ಇಲ್ಲಿ ಮರ ಹಿಂದಕ್ಕೆ ಬರುವುದು ದೋಷವಲ್ಲ. ಆ ಗುಣವನ್ನು ನಂಬಿಕೊಂಡೇ ಯಂತ್ರ ಹೊಂದಿಸಿದ್ದಾರೆ. ಕಾರ್ಖಾನೆಯೊಳಗೆ ನನಗೆ ಅತ್ಯಂತ ಪ್ರಿಯವಾದ ಜಾಗ ಇದೇ. ಒಳ್ಳೆಯ ಲೇತ್ ಕೆಲಸಗಾರರು ಹಾಳೆಯನ್ನು ಬೆರಳಿನಲ್ಲಿ ಬಾಗಿಸಿ ನೋಡಿ, ಪಟ್ಟಿಯನ್ನು ಎಷ್ಟು ಸರಿಸಬೇಕೆಂದು ಹೇಳಬಲ್ಲರು.

ಸುಲಿದ ಹಾಳೆಗಳನ್ನು ಒಣಗಿಸಿ, ಅಂಟು ಹಚ್ಚಿ, ಒಂದರ ನಾರು ಉದ್ದಕ್ಕೆ, ಮುಂದಿನದರ ನಾರು ಅಡ್ಡಕ್ಕೆ ಬರುವಂತೆ ಪೇರಿಸುತ್ತಾರೆ. ಮೊದಲು ತಣ್ಣನೆಯ ಪ್ರೆಸ್ಸಿನಲ್ಲಿ ಸ್ವಲ್ಪ ಹೊತ್ತು ಕೂರಿಸಿ, ಆಮೇಲೆ ಹಾಟ್ ಪ್ರೆಸ್ಸಿಗೆ ತುಂಬುತ್ತಾರೆ. ಅಲ್ಲಿ ಚದರ ಸೆಂಟಿಮೀಟರಿಗೆ 10ರಿಂದ 14 ಕಿಲೋ ಒತ್ತಡ ಸಾಮಾನ್ಯ. ಎಂಟಡಿ ಉದ್ದ, ನಾಲ್ಕಡಿ ಅಗಲದ ಹಲಗೆಯ ಮೇಲೆ ಒಟ್ಟು ಭಾರ ಸುಮಾರು 300ರಿಂದ 400 ಟನ್ ಆಗುತ್ತದೆ. ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಾದರೆ 110 ಡಿಗ್ರಿಯ ಆಸುಪಾಸು, ಫಿನಾಲ್ ಫಾರ್ಮಾಲ್ಡಿಹೈಡ್ ಆದರೆ 140 ಡಿಗ್ರಿಯ ಆಸುಪಾಸು ಬಿಸಿ ಕೊಡುತ್ತಾರೆ. ಒತ್ತಡವಿರುವುದು ಹಾಳೆ ಹಾಳೆಗೆ ತಾಗಿ ಅಂಟು ಹಿಡಿಯಲಿ ಎಂದು. ಆದರೆ ಬಿಸಿಯೂ ತೇವವೂ ಸೇರಿರುವುದರಿಂದ ಮರವೂ ಕುಗ್ಗುತ್ತದೆ. ಒಳಗೆ ಹೋದ ಹಾಳೆಗಳ ಒಟ್ಟು ದಪ್ಪಕ್ಕಿಂತ ಹೊರಬಂದ ಹಲಗೆಯ ದಪ್ಪ ನೂರಕ್ಕೆ ಐದರಿಂದ ಹತ್ತರಷ್ಟು ಕಡಿಮೆ ಇರುವುದುಂಟು. ಮೃದು ಮರವಾದರೆ ಇನ್ನೂ ಹೆಚ್ಚು.

ಪ್ರೆಸ್ ತೆರೆಯುವ ಗಳಿಗೆ ಬಹಳ ನಾಜೂಕಿನದು. ಹೊರಗಿನವರಿಗೆ ಒತ್ತುವುದೇ ದೊಡ್ಡ ಕೆಲಸವಾಗಿ ಕಾಣುತ್ತದೆ. ಕೆಲಸ ಗೊತ್ತಿದ್ದವರ ಗಮನವೆಲ್ಲ ಬಿಡುವುದರ ಮೇಲೆ. ಹಲಗೆಯೊಳಗಿನ ನೀರು ಆಗ ಆವಿಯಾಗಿ ಬಿಗಿದುಕೊಂಡಿರುತ್ತದೆ. ಒಮ್ಮೆಗೇ ಒತ್ತಡ ತೆಗೆದರೆ ಆವಿ ಹೊರಗೆ ನುಗ್ಗುತ್ತದೆ, ಕುಗ್ಗಿದ ಮರವೂ ಅದೇ ಹೊತ್ತಿಗೆ ಮೇಲಕ್ಕೆ ಪುಟಿಯುತ್ತದೆ. ಎರಡೂ ಸೇರಿ ಇನ್ನೂ ಎಳಸಾಗಿರುವ ಅಂಟಿನ ಪದರವನ್ನು ಕಿತ್ತುಬಿಡುತ್ತವೆ. ಹಲಗೆಯ ನಡುವೆ ಗುಳ್ಳೆ ಏಳುತ್ತದೆ. ಆದ್ದರಿಂದ ಒತ್ತಡವನ್ನು ಹಂತ ಹಂತವಾಗಿ ಇಳಿಸಬೇಕು, ಆವಿ ಹೋಗಲು ಸಮಯ ಕೊಡಬೇಕು. ಪ್ರೆಸ್ಸಿನ ಒಂದೊಂದು ಸುತ್ತಿನಲ್ಲಿ ಎರಡು ನಿಮಿಷ ಉಳಿಸಿದರೆ ದಿನಕ್ಕೆ ಎಷ್ಟೋ ಹಲಗೆ ಹೆಚ್ಚು ಬರುತ್ತದೆ ಎಂಬ ಆಸೆ ಇರುವುದೂ ಇದೇ ಜಾಗದಲ್ಲಿ. ಆ ಎರಡು ನಿಮಿಷದ ಬೆಲೆಯನ್ನು ಕೊನೆಗೆ ತೆರುವವರು ಶ್ರೀಮಂಗಲದಂತಹ ಊರುಗಳಲ್ಲಿ ಮನೆ ಕಟ್ಟಿದವರು. ಒಣ ಊರಿನಲ್ಲಿ ಹಲಗೆಯ ಈ ದೋಷ ವರ್ಷಗಟ್ಟಲೆ ಹೊರಗೆ ಬರದೆ ಇರಬಹುದು. ನಮ್ಮಲ್ಲಿ ಮೊದಲ ಮಳೆಗಾಲವೇ ಅದನ್ನು ಪರೀಕ್ಷೆಗೆ ಹಚ್ಚುತ್ತದೆ.

ಪಾರ್ಟಿಕಲ್ ಬೋರ್ಡಿನ ಕಥೆ ಇನ್ನೂ ತೀವ್ರ. ಪ್ಲೈವುಡ್ಡಿನಲ್ಲಿ ಹಾಳೆಗೆ ಹಾಳೆ ನೇರವಾಗಿ ತಾಗುವುದರಿಂದ ಸ್ವಲ್ಪ ಒತ್ತಿದರೆ ಸಾಕು. ಮರದ ಚೂರುಗಳ ರಾಶಿಯಲ್ಲಿ ಚೂರು ಚೂರಿಗೆ ತಾಗಬೇಕಾದರೆ, ಒಟ್ಟು ಹಲಗೆ ಮೂಲ ಮರಕ್ಕಿಂತ ಹೆಚ್ಚು ಸಾಂದ್ರವಾಗುವಷ್ಟು ಹಿಸುಕಬೇಕು. ಆದ್ದರಿಂದ ಆ ಹಲಗೆಯ ಒಂದೊಂದು ಚೂರೂ ಚಪ್ಪಟೆಯಾಗಿ, ಬಾಗಿ, ಹಿಂದಕ್ಕೆ ಬರಲು ಕಾದಿರುತ್ತದೆ. ಜೊತೆಗೆ, ಬಿಸಿ ಮೊದಲು ಮುಟ್ಟುವುದು ಹಲಗೆಯ ಎರಡು ಮುಖಗಳಿಗೆ. ಮುಖಗಳು ಬೇಗ ಮೆತ್ತಗಾಗಿ ಚೆನ್ನಾಗಿ ಕುಗ್ಗುತ್ತವೆ, ನಡುಭಾಗ ಸಡಿಲವಾಗಿಯೇ ಉಳಿಯುತ್ತದೆ. ಮುಖ ನುಣ್ಣಗೆ, ಗಟ್ಟಿಯಾಗಿ ಇದ್ದು ಅಂಚು ಮಾತ್ರ ಒರಟಾಗಿ ಇರುವುದನ್ನು ನೀವು ನೋಡಿರಬಹುದು. ನೀರು ಒಳಗೆ ಹೋಗುವುದು ಅಲ್ಲಿಂದಲೇ. ಸಿಂಕಿಗೆ ಕೊರೆದ ತೂತು, ಕೀಲು ಕೂರಿಸಿದ ಗುಂಡಿ, ನೆಲಕ್ಕೆ ತಾಗಿದ ಕೆಳತುದಿ, ಇವೆಲ್ಲ ತೆರೆದ ಬಾಯಿಗಳು.

ಹಾಗಾದರೆ ಊತದಲ್ಲಿ ಎರಡು ಬಗೆ ಇದೆ ಎಂದಾಯಿತು. ಒಂದು, ಮರ ಮರವಾಗಿರುವುದರಿಂದಲೇ ಬರುವ ಊತ. ಗಾಳಿಯ ತೇವ ನೂರಕ್ಕೆ 60 ಇದ್ದಾಗ ಮರದೊಳಗಿನ ನೀರು ಅದರ ಒಣತೂಕದ ನೂರಕ್ಕೆ 11ರಷ್ಟು. ತೇವ 90ಕ್ಕೆ ಏರಿದರೆ ಅದು 20ರ ಹತ್ತಿರ ಹೋಗುತ್ತದೆ. ಆ ನೀರು ಕೋಶದ ಗೋಡೆಯೊಳಗೆ ಸೇರಿ ಗೋಡೆಯನ್ನು ದಪ್ಪ ಮಾಡುತ್ತದೆ. ನೀರು ಹೋದರೆ ಗೋಡೆ ತೆಳುವಾಗುತ್ತದೆ. ಹಳೆಯ ಬಾಗಿಲು ಮಾಡುವುದು ಇಷ್ಟೇ, ವರ್ಷಕ್ಕೊಮ್ಮೆ ಹೋಗಿ ಬರುವ ಕೆಲಸ. ಇನ್ನೊಂದು, ಒತ್ತಿದ್ದರಿಂದ ಬಂದ ಊತ. ಚಪ್ಪಟೆಯಾದ ಕೊಳವೆ ನೀರು ಸೋಕಿದಾಗ ಮತ್ತೆ ದುಂಡಗಾಗುತ್ತದೆ. ನೀರು ಹೋದಾಗ ಅದನ್ನು ಮತ್ತೆ ಚಪ್ಪಟೆ ಮಾಡುವವರು ಯಾರೂ ಇಲ್ಲ, ಪ್ರೆಸ್ ಕಾರ್ಖಾನೆಯಲ್ಲಿದೆ. ಜೊತೆಗೆ ಅದು ಏಳುವಾಗ ಅಂಟಿನ ಕೊಂಡಿಗಳನ್ನೂ ಮುರಿದಿರುತ್ತದೆ. ಅದಕ್ಕೇ ಊದಿದ ಅಂಚಿನಲ್ಲಿ ತಿರುಪು ಮೊಳೆ ಮತ್ತೆ ಹಿಡಿಯುವುದಿಲ್ಲ.

ಇದನ್ನು ತಡೆಯುವ ದಾರಿಗಳನ್ನು ಹುಡುಕಿದವರ ಕೆಲಸ ಸ್ವಾರಸ್ಯವಾಗಿದೆ. ಅಮೆರಿಕದ ಮ್ಯಾಡಿಸನ್ ನಗರದ ಅರಣ್ಯೋತ್ಪನ್ನ ಪ್ರಯೋಗಾಲಯದಲ್ಲಿ ಆಲ್ಫ್ರೆಡ್ ಸ್ಟಾಮ್ ಮತ್ತು ಸೀಬೋರ್ಗ್ ಎಂಬ ವಿಜ್ಞಾನಿಗಳು 1940ರ ದಶಕದಲ್ಲಿ ಎರಡು ದಾರಿ ತೋರಿಸಿದರು. ಮೊದಲನೆಯದರಲ್ಲಿ ವೆನೀರನ್ನು ಒತ್ತುವ ಮೊದಲೇ ಫಿನಾಲ್ ರಾಳದಲ್ಲಿ ನೆನೆಸುತ್ತಾರೆ. ರಾಳ ಕೋಶದ ಗೋಡೆಯೊಳಗೇ ಹೋಗಿ ಕೂರುತ್ತದೆ. ಆಮೇಲೆ ಬಿಸಿಯಲ್ಲಿ ಒತ್ತಿದರೆ, ಗೋಡೆ ಬಾಗಿದ ಭಂಗಿಯಲ್ಲೇ ರಾಳ ಗಟ್ಟಿಯಾಗುತ್ತದೆ. ನೀರು ಬಂದರೂ ಕೂರಲು ಜಾಗವಿಲ್ಲ. ಕಾಂಪ್ರೆಗ್ ಎಂದು ಹೆಸರಾದ ಈ ಮರ ನೀರಿನಲ್ಲಿ ಮುಳುಗುವಷ್ಟು ಭಾರ, ಘನ ಮೀಟರಿಗೆ 1,200ರಿಂದ 1,350 ಕಿಲೋ. ಎರಡನೆಯದರಲ್ಲಿ ರಾಳವೇ ಇಲ್ಲ. ಮರವನ್ನು ಒತ್ತಡದಲ್ಲೇ ಇಟ್ಟು, ಲಿಗ್ನಿನ್ ನಿಜವಾಗಿ ಹರಿಯುವಷ್ಟು ಬಿಸಿ ಕೊಟ್ಟು, ಎಳೆಗಳ ಬಿಗಿತವನ್ನು ಸಡಿಲಿಸಿ, ಒತ್ತಡ ಬಿಡದೆಯೇ ತಣ್ಣಗಾಗಿಸಬೇಕು. ಇದಕ್ಕೆ ಸ್ಟೇಪ್ಯಾಕ್ ಎಂದು ಹೆಸರಿಟ್ಟರು. ಮುಂದೆ ಜಪಾನಿನ ಸಂಶೋಧಕರು ಸುಮಾರು 200 ಡಿಗ್ರಿಯ ಹಬೆಯಲ್ಲಿ ಕೆಲವೇ ನಿಮಿಷ ಇಟ್ಟರೂ ಒತ್ತಿದ ಮರ ಹಿಂದಕ್ಕೆ ಬರುವ ಹಟ ಬಿಡುತ್ತದೆ ಎಂದು ತೋರಿಸಿದರು. ಮರಕ್ಕೆ ಆ ಬಿಸಿಯಲ್ಲಿ ಒಂದಿಷ್ಟು ಶಕ್ತಿ ಕಡಿಮೆಯಾಗುತ್ತದೆ, ಬಣ್ಣ ಕಪ್ಪಾಗುತ್ತದೆ. ಆದರೆ ನೆನೆದರೂ ಒತ್ತಿದ ಕೊಳವೆಗಳು ಮತ್ತೆ ಏಳುವುದಿಲ್ಲ.

ಯುದ್ಧಕಾಲದಲ್ಲಿ ಇಂಥ ಒತ್ತಿದ ಮರದಿಂದ ವಿಮಾನದ ಪ್ರೊಪೆಲರ್‌ಗಳನ್ನೂ ಮಾಡಿದರು. ಬ್ರಿಟನ್ನಿನ ಸ್ಪಿಟ್‌ಫೈರ್ ವಿಮಾನದ ಕೆಲವು ಮಾದರಿಗಳಿಗೆ ಅವನ್ನೇ ಕೂರಿಸಿದ್ದರು. ಇದು ದೂರದ ಮಾತು ಎನಿಸಿದರೆ, ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ಕಣ್ಣೂರಿನ ಕಡೆ ಹೋಗಿ. ಅಲ್ಲಿನ ವಳಪಟ್ಟಣದಲ್ಲಿ 1945ರಲ್ಲಿ ಆರಂಭವಾದ ವೆಸ್ಟರ್ನ್ ಇಂಡಿಯಾ ಪ್ಲೈವುಡ್ಸ್ ಕಾರ್ಖಾನೆ ಈ ಬಗೆಯ ಸಾಂದ್ರಗೊಳಿಸಿದ ಮರವನ್ನು ತಯಾರಿಸುತ್ತದೆ. ವಿದ್ಯುತ್ ಟ್ರಾನ್ಸ್‌ಫಾರ್ಮರುಗಳ ಒಳಗೆ ಸುರುಳಿಗಳನ್ನು ಬಿಗಿದಿಡುವ ಭಾಗಗಳಿಗೆ ಇದು ಬೇಕು. ಅಲ್ಲಿ ಸ್ವಲ್ಪ ಸಡಿಲವಾದರೂ ಸುರುಳಿ ಅದುರಲು ಶುರುವಾಗುತ್ತದೆ. ಆದ್ದರಿಂದ ಹಿಂದಕ್ಕೆ ಬರದ ಮರವೇ ಆಗಬೇಕು.

2018ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಲಿಯಾಂಗ್‌ಬಿಂಗ್ ಹೂ ಅವರ ತಂಡ ಇನ್ನೊಂದು ದಾರಿ ಹಿಡಿಯಿತು. ಮರವನ್ನು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಟ್ ದ್ರಾವಣದಲ್ಲಿ ಕುದಿಸಿ, ಲಿಗ್ನಿನ್‌ನ ಒಂದು ಪಾಲನ್ನು ತೆಗೆದು, ಆಮೇಲೆ ಬಿಸಿಯಲ್ಲಿ ಒತ್ತಿದರು. ಮರದ ದಪ್ಪ ಐದರಲ್ಲಿ ಒಂದು ಪಾಲಿಗೆ ಇಳಿಯಿತು, ಬಲ ಹತ್ತು ಪಟ್ಟಿಗೂ ಹೆಚ್ಚಾಯಿತು. ಕೊಳವೆಗಳು ಪೂರ್ತಿ ಮುಚ್ಚಿ, ಎಳೆಗೆ ಎಳೆ ಅಂಟಿಕೊಂಡದ್ದರಿಂದ ಹೀಗಾಯಿತು. ಲಿಗ್ನಿನ್ ಪೂರ್ತಿ ತೆಗೆದರೂ ಕೆಡುತ್ತದೆ, ತೆಗೆಯದಿದ್ದರೂ ಆಗುವುದಿಲ್ಲ ಎಂಬುದು ಆ ಕೆಲಸದಲ್ಲಿ ನನಗೆ ಬಹಳ ಮುಖ್ಯವಾಗಿ ಕಂಡ ಸಂಗತಿ.

ನಮ್ಮ ರಾಜ್ಯದಲ್ಲೂ ಈ ವಿದ್ಯೆಗೆ ಒಂದು ಮನೆ ಸಿಕ್ಕಿತು. ಬೆಂಗಳೂರಿನ ತುಮಕೂರು ರಸ್ತೆಯಲ್ಲಿ 1962ರಲ್ಲಿ ಹುಟ್ಟಿದ ಭಾರತೀಯ ಪ್ಲೈವುಡ್ ಉದ್ಯಮಗಳ ಸಂಶೋಧನಾ ಮತ್ತು ತರಬೇತಿ ಸಂಸ್ಥೆ. ಇಪಿರ್ಟಿ ಎಂಬ ಅದರ ಚುಟುಕು ಹೆಸರು ಪ್ಲೈವುಡ್ ಕಾರ್ಖಾನೆಯವರಿಗೆಲ್ಲ ಗೊತ್ತು. ಅಲ್ಲಿ ಬಿದಿರಿನ ಚಾಪೆಗಳನ್ನು ಫಿನಾಲ್ ರಾಳದಲ್ಲಿ ಅದ್ದಿ, ಒಣಗಿಸಿ, ಪೇರಿಸಿ, ಬಿಸಿಯಲ್ಲಿ ಒತ್ತಿ ಹಲಗೆ ಮಾಡುವ ವಿಧಾನವನ್ನು ರೂಪಿಸಿದರು. ಅಲೆಅಲೆಯಾದ ಅಚ್ಚಿನಲ್ಲಿ ಒತ್ತಿ ಮಾಡಿನ ಶೀಟುಗಳನ್ನೂ ಮಾಡಿದರು. ಬಿದಿರನ್ನು ಬಾಗಿಸಿ ಬಿಟ್ಟಾಗ ಅದು ಎಷ್ಟು ಜೋರಾಗಿ ಹಿಂದಕ್ಕೆ ಹೊಡೆಯುತ್ತದೆ ಎಂಬುದು ನಮ್ಮಲ್ಲಿ ಬೇಲಿ ಕಟ್ಟಿದವರಿಗೆಲ್ಲ ಗೊತ್ತು. ಅಂಥ ಬಿದಿರನ್ನು ಅಲೆಯ ಆಕಾರದಲ್ಲಿ ನಿಲ್ಲಿಸಿ, ಮಳೆಗೇ ಒಡ್ಡಿ, ಮಾಡಿನ ಮೇಲೆ ಹಾಕುವುದೆಂದರೆ ಸಣ್ಣ ಕೆಲಸವಲ್ಲ. ಅದನ್ನು ಸಾಧಿಸಿದ್ದು ಒತ್ತಡದ ಬಲದಿಂದಲ್ಲ. ರಾಳ ಎಳೆಯೊಳಗೆ ಇಳಿಯುವಷ್ಟು ಹೊತ್ತು ನೆನೆಸಿದ್ದರಿಂದ, ಅದು ಬೇಯುವಷ್ಟು ಹೊತ್ತು ಪ್ರೆಸ್ಸಿನಲ್ಲಿ ಹಿಡಿದದ್ದರಿಂದ.

ಮರ ಬಿಟ್ಟು ಬೇರೆ ಕಡೆಯೂ ಇದೇ ನಿಯಮ ಕೆಲಸ ಮಾಡುತ್ತದೆ. ಜ್ವರ ಬಂದಾಗ ನಾವು ನುಂಗುವ ಪ್ಯಾರಾಸಿಟಮಾಲ್ ಮಾತ್ರೆಯೂ ಪುಡಿಯನ್ನು ಉಕ್ಕಿನ ಅಚ್ಚಿನಲ್ಲಿ ಒತ್ತಿ ಮಾಡಿದ್ದು. ಆ ಪುಡಿಯ ಹರಳುಗಳಿಗೆ ಸ್ಥಿತಿಸ್ಥಾಪಕ ಗುಣ ಹೆಚ್ಚು. ಅಚ್ಚಿನಿಂದ ಮಾತ್ರೆ ಹೊರಬರುವಾಗ, ಹೊರಗೆ ಬಂದ ಮೇಲಿನ ಅಂಚು ಹಿಗ್ಗುತ್ತದೆ, ಒಳಗಿರುವ ಭಾಗ ಇನ್ನೂ ಬಿಗಿಯಾಗಿರುತ್ತದೆ. ನಡುವೆ ಬಿರುಕು ಬಿದ್ದು ಮಾತ್ರೆಯ ಮೇಲ್ಭಾಗ ಮುಚ್ಚಳದಂತೆ ಕಳಚಿಬರಬಹುದು. ಹೆಚ್ಚು ಒತ್ತಿದರೆ ಸರಿಹೋಗುತ್ತದೆಯೇ? ಇಲ್ಲ, ಇನ್ನೂ ಬಿಗಡಾಯಿಸುತ್ತದೆ. ಮೊದಲು ಹಗುರವಾಗಿ ಒತ್ತಿ ಗಾಳಿ ಹೊರಹಾಕಿ, ಆಮೇಲೆ ಮುಖ್ಯ ಒತ್ತಡ ಕೊಟ್ಟು, ಆ ಒತ್ತಡದಲ್ಲಿ ಕ್ಷಣಕಾಲ ಹೆಚ್ಚು ನಿಲ್ಲಿಸಿ, ಒಳ್ಳೆಯ ಬಂಧಕ ಸೇರಿಸಿದರೆ ಮಾತ್ರೆ ಉಳಿಯುತ್ತದೆ. ಪ್ಲೈವುಡ್ಡಿನ ತಣ್ಣನೆಯ ಪ್ರೆಸ್, ಹಾಟ್ ಪ್ರೆಸ್, ಅಂಟು, ಸಮಯ ಎಲ್ಲವೂ ಅಲ್ಲಿ ಸೆಕೆಂಡಿನ ಸಣ್ಣ ಪಾಲಿನಲ್ಲಿ ನಡೆದುಹೋಗುತ್ತವೆ. ಉಕ್ಕಿನ ತಗಡನ್ನು ಬಾಗಿಸುವವರೂ ತೊಂಬತ್ತು ಡಿಗ್ರಿ ಬೇಕಾದರೆ ಒಂದೆರಡು ಡಿಗ್ರಿ ಹೆಚ್ಚೇ ಬಾಗಿಸುತ್ತಾರೆ. ಬಿಟ್ಟಾಗ ಅದು ಬೇಕಾದಲ್ಲಿಗೆ ಬಂದು ನಿಲ್ಲುತ್ತದೆ.

ಈಗ ನಮ್ಮ ತೋಟದವರಿಗೆ ಎರಡು ಮಾತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಸಿಲ್ವರ್ ಓಕ್ ಕಡಿಯಲು ಅನುಮತಿ ಬೇಕಿಲ್ಲ. ವಿನಾಯಿತಿ ಪಡೆದ ಮರಗಳ ಪಟ್ಟಿಯಲ್ಲಿ ಅದಿದೆ. ಕಾಡುಮರ ನೆಟ್ಟರೆ ಕಡಿಯುವಾಗ ಕಚೇರಿ ಅಲೆಯಬೇಕು ಎಂಬ ಭಯಕ್ಕೆ ನಮ್ಮ ತೋಟಗಳಲ್ಲಿ ನೆರಳಿನ ಸ್ಥಾನವನ್ನು ಇದು ಬಹಳಷ್ಟು ಕಡೆ ಆಕ್ರಮಿಸಿತು. ಅದು ನನಗೆ ನೋವು ತರುವ ವಿಷಯ. ಹಲಸು, ಹೊನ್ನೆ, ನಂದಿ, ಅತ್ತಿ ಇದ್ದ ತೋಟದ ಮಣ್ಣೂ ಹಕ್ಕಿಗಳೂ ಬೇರೆಯೇ. ಆದರೂ ನೆಟ್ಟ ಮರ ನಿಂತಿದೆ, ಅದಕ್ಕೆ ಬೆಲೆಯೂ ಇದೆ. ಆ ಬೆಲೆಯನ್ನು ಅವಸರದಲ್ಲಿ ಕಳೆದುಕೊಳ್ಳಬೇಡಿ. ಎಳೆಯ ಮರದ ನಡುತಿರುಳಿನ ಸುತ್ತಲಿನ ಭಾಗ ಹಗುರ, ಅದರ ಕೊಳವೆಗಳ ಗೋಡೆ ತೆಳು. ಅಂಥ ವೆನೀರು ಪ್ರೆಸ್ಸಿನಲ್ಲಿ ಹೆಚ್ಚು ಕುಗ್ಗುತ್ತದೆ, ನೆನೆದಾಗ ಹೆಚ್ಚು ಏಳುತ್ತದೆ. ಕಾರ್ಖಾನೆಯವರು ಸುತ್ತಳತೆ ನೋಡಿ ಬೆಲೆ ಕಟ್ಟುವುದು ಬರಿಯ ಗಾತ್ರದ ಆಸೆಯಿಂದಲ್ಲ. ದಪ್ಪ ಮರದ ಹೊರಭಾಗದಲ್ಲಿ ಬಲಿತ ನಾರು ಹೆಚ್ಚು, ಒಳ್ಳೆಯ ಹಾಳೆ ಹೆಚ್ಚು ಬರುತ್ತದೆ. ಮರ ವಿಜ್ಞಾನದ ಬಗ್ಗೆ ಕೇಳಬೇಕೆನಿಸಿದರೆ ನಮ್ಮ ಪೊನ್ನಂಪೇಟೆಯಲ್ಲೇ ಅರಣ್ಯ ಮಹಾವಿದ್ಯಾಲಯವಿದೆ, ದೂರ ಹೋಗಬೇಕಾಗಿಲ್ಲ.

ಮನೆ ಕಟ್ಟುವವರಿಗೆ ಇನ್ನು ಕೆಲವು ಮಾತು. ಅಂಗಡಿಯಲ್ಲಿ ಹೇಳುವ ವಾಟರ್‌ಪ್ರೂಫ್ ಎಂಬ ಮಾತನ್ನು ನಂಬಿ ಹಣ ಕೊಡಬೇಡಿ, ಹಲಗೆಯ ಮೇಲಿನ ಐಎಸ್‌ಐ ಗುರುತಿನ ಜೊತೆ ಇರುವ ಅಕ್ಷರ ಓದಿ. ಐಎಸ್ 303 ಸಾಮಾನ್ಯ ಬಳಕೆಯ ಪ್ಲೈವುಡ್ಡಿನ ಮಾನಕ. ಅದರಲ್ಲಿ ಎಂಆರ್ ಎಂದರೆ ತೇವ ತಡೆಯುವ ದರ್ಜೆ, ಅದರ ಪರೀಕ್ಷೆ 60 ಡಿಗ್ರಿಯ ನೀರಿನಲ್ಲಿ. ಬಿಡಬ್ಲ್ಯುಆರ್ ಎಂದರೆ ಕುದಿಯುವ ನೀರನ್ನು ತಡೆಯುವ ದರ್ಜೆ, ಅದನ್ನು ಒಂದೊಂದು ಸರದಿಗೆ 8 ಗಂಟೆ ಕುದಿಸುತ್ತಾರೆ. ಐಎಸ್ 710 ಇರುವ ಮರೀನ್ ಪ್ಲೈವುಡ್‌ನದು 72 ಗಂಟೆ ಕುದಿಸುವ ಪರೀಕ್ಷೆ. ಎಂಆರ್ ದರ್ಜೆಯಲ್ಲಿ ಸಾಮಾನ್ಯವಾಗಿ ಬಳಸುವ ಯೂರಿಯಾ ಅಂಟು ಬಿಸಿ ಮತ್ತು ತೇವದಲ್ಲಿ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಬೆಂಗಳೂರಿನ ಮಲಗುವ ಕೋಣೆಯ ಬೀರುವಿಗೆ ಅದು ಸಾಕು. ಶ್ರೀಮಂಗಲ, ಬಿರುನಾಣಿ, ಕುಟ್ಟದ ಮನೆಗಳ ಅಡುಗೆಕೋಣೆಗೆ, ಬಚ್ಚಲಿನ ಬಾಗಿಲಿಗೆ ಸಾಲದು. ಅಂಟಿನ ಗೆರೆ ಕಂದಾಗಿದ್ದರೆ ಫಿನಾಲ್ ಅಂಟು ಎನ್ನುವ ಲೆಕ್ಕ ಹಿಂದೆ ಇತ್ತು. ಬಣ್ಣ ಬೆರೆಸಿದರೂ ಗೆರೆ ಕಂದಾಗುತ್ತದೆ, ಅದನ್ನೇ ನೆಚ್ಚಬಾರದು. ಪಾರ್ಟಿಕಲ್ ಬೋರ್ಡ್ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಕಡಿಮೆ ಬೆಲೆಗೆ ಮರದ ಚೂರನ್ನೆಲ್ಲ ಬಳಸುವ ಒಳ್ಳೆಯ ವಸ್ತು ಅದು. ಅದನ್ನು ನೆಲದಿಂದ ಎತ್ತರಕ್ಕೆ, ನೀರಿನ ಪೈಪಿನಿಂದ ದೂರ ಇಡಿ. ಆಚಾರಿ ಕತ್ತರಿಸಿದ ಪ್ರತಿ ಅಂಚಿಗೂ, ಕೊರೆದ ಪ್ರತಿ ತೂತಿಗೂ ಬಣ್ಣವನ್ನೋ ಅಂಟನ್ನೋ ಹಚ್ಚಿ ಮುಚ್ಚಿಸಿ. ಕಣ್ಣಿಗೆ ಕಾಣದ ಹಿಂಬದಿಯ ಅಂಚನ್ನು ಮೊದಲು ಮುಚ್ಚಿಸಿ, ಅದನ್ನೇ ಎಲ್ಲರೂ ಮರೆಯುವುದು.

ಕೊನೆಯದಾಗಿ, ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಹಲಗೆ ಕೊಳ್ಳುವ ಮುಂಚೆ ಅಂಗಡಿಯವರಿಂದ ಅಂಗೈಯಗಲದ ತುಂಡೊಂದನ್ನು ಕೇಳಿ ಪಡೆಯಿರಿ. ನಾಲ್ಕು ಕಡೆ ಪೆನ್ಸಿಲಿನಲ್ಲಿ ಗುರುತು ಮಾಡಿ, ವರ್ನಿಯರ್‌ನಿಂದ ಅಲ್ಲಲ್ಲಿ ದಪ್ಪ ಅಳೆಯಿರಿ. ಕರಿಮೆಣಸು ತೂಗುವ ಸಣ್ಣ ತಕ್ಕಡಿಯಲ್ಲಿ ತೂಕ ಬರೆದಿಟ್ಟುಕೊಳ್ಳಿ. ತುಂಡನ್ನು ಒಂದು ಹಗಲು ಒಂದು ರಾತ್ರಿ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿಡಿ. ತೆಗೆದು, ಒರೆಸಿ, ಅದೇ ಗುರುತುಗಳಲ್ಲಿ ಮತ್ತೆ ಅಳೆಯಿರಿ. ಆಮೇಲೆ ಒಲೆಯ ಮೇಲಿನ ಅಟ್ಟದಲ್ಲಿಯೋ ಬಿಸಿಲಿನ ಕಣದಲ್ಲಿಯೋ ಒಣಗಲು ಬಿಡಿ. ದಿನ ಎಣಿಸಬೇಡಿ, ತೂಕ ನೋಡಿ. ಮೊದಲಿನ ತೂಕಕ್ಕೆ ಬಂದಿತೆಂದರೆ ಹೀರಿದ ನೀರು ಹೊರಗೆ ಹೋಗಿದೆ ಎಂದರ್ಥ. ಆಗ ಮೂರನೆಯ ಸಲ ದಪ್ಪ ಅಳೆಯಿರಿ. ಮೊದಲು 18 ಮಿಲಿಮೀಟರ್ ಇದ್ದದ್ದು ನೆನೆದಾಗ 20 ಆಯಿತು, ಒಣಗಿದ ಮೇಲೆ 19ಕ್ಕೆ ನಿಂತಿತು ಅಂದುಕೊಳ್ಳಿ. ಹೋಗಿ ಬಂದ 1 ಮಿಲಿಮೀಟರ್ ಮರದ ಸಹಜ ಗುಣ, ಅದಕ್ಕೆ ಯಾರನ್ನೂ ದೂರುವಂತಿಲ್ಲ. ಬಾರದೆ ಉಳಿದ 1 ಮಿಲಿಮೀಟರ್ ಪ್ರೆಸ್ಸಿನದು. ಎರಡು ಅಂಗಡಿಯ ಎರಡು ತುಂಡುಗಳನ್ನು ಒಂದೇ ಬಕೆಟ್ಟಿನಲ್ಲಿ ನೆನೆಸಿ, ಈ ಎರಡನೆಯ ಅಂಕಿ ಯಾವುದರಲ್ಲಿ ಕಡಿಮೆಯೋ ಅದನ್ನು ಕೊಳ್ಳಿ.